ಹಾಡಿನಲ್ಲಿ ಉಳಿದ ಊರು

ಚಿಮ್ಮಡದ ಪ್ರಭುಲಿಂಗೇಶ್ವರ ಜಾತ್ರೆಯ ಕಿಚಡಿ ಸುತ್ತಲ ಊರುಗಳಿಗೆಲ್ಲ ಗೊತ್ತು. ಪ್ರಸಾದಕ್ಕೆ ಪಂಕ್ತಿಯಲ್ಲಿ ಕೂತಾಗ ಹಿರಿಯರು ಹೇಳುವ ಊರಿನ ಕಥೆಗಳನ್ನು ಮಾತ್ರ ಬರೆದಿಡುವವರು ಕಡಿಮೆ.

ಇದೇ ಸೀಮೆಯ ಮುಧೋಳ ತಾಲ್ಲೂಕಿನ ಹಲಗಲಿಯನ್ನು ನೋಡಿ. ಆಯುಧ ಒಪ್ಪಿಸಿ ಎಂಬ ಕಂಪನಿ ಸರ್ಕಾರದ ಆಜ್ಞೆಯನ್ನು 1857ರಲ್ಲಿ ಅಲ್ಲಿನ ಬೇಡರು ಧಿಕ್ಕರಿಸಿದರು. ದಂಡು ಬಂತು, ಊರು ಸುಟ್ಟಿತು, ಜಡಗ, ಬಾಲ ಮೊದಲಾದವರು ಪ್ರಾಣ ತೆತ್ತರು. ದಫ್ತರಗಳಿಗೆ ಅದು ಅಡಗಿಸಿದ ಒಂದು ದಂಗೆ, ಅಷ್ಟೇ. ಲಾವಣಿಕಾರ ಹಾಗೆ ಬಿಡಲಿಲ್ಲ. ದಂಡಿನವರು ದೋಚಿದ ಕುಡಗೋಲು, ನೇಗಿಲು, ಉಪ್ಪು, ಅರಿಷಿಣ, ಕೊನೆಗೆ ಬೀಸುಕಲ್ಲನ್ನೂ ಹಾಡಿನಲ್ಲಿ ಲೆಕ್ಕವಿಟ್ಟ. ಬೀಸುಕಲ್ಲು ಹೋದ ಮನೆಯ ಸಂಕಟ ಯಾವ ವರದಿಗೆ ತಿಳಿದೀತು! ಸೋಜಿಗವೆಂದರೆ, ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್. ಇಂದು ಶಾಲೆಯ ಮಕ್ಕಳೂ ಅದನ್ನು ಓದುತ್ತಾರೆ.

ಈ ಸೀಮೆಯ ಇತಿಹಾಸ ಹಲಗಲಿಗೇ ಮುಗಿಯುವುದಿಲ್ಲ. ತೇರದಾಳದಲ್ಲಿ ಮಾಂಡಲಿಕ ಗೊಂಕ ಕಟ್ಟಿಸಿದ 12ನೇ ಶತಮಾನದ ಬಸದಿಯಿದೆ, ಶಾಸನವಿದೆ. ಮುಧೋಳವಂತೂ ಕವಿ ರನ್ನನ ಊರು.

ನನಗನಿಸುವುದು, ಇತಿಹಾಸದ ಹೆಸರಿನಲ್ಲಿ ಮೂರ್ತಿ ನಿಲ್ಲಿಸಿ ಹಾರ ಹಾಕುವುದು ಸುಲಭ. ಮರುದಿನ ಅತ್ತ ಸುಳಿಯುವವರಿಲ್ಲ. ಈ ಸಲ ಜಾತ್ರೆಯ ಒಂದು ಸಂಜೆ ಹುಡುಗರು ಮೊಬೈಲ್ ಹಿಡಿದು ಅಜ್ಜಿಯರ ಮುಂದೆ ಕೂಡಲಿ. ಬೀಸುವ ಪದ, ಕೆರೆ ತೋಡಿದ ಕಥೆ, ಬರದ ವರ್ಷದ ನೆನಪು, ಏನೇ ಬರಲಿ, ದಾಖಲಾಗಲಿ. ಎಲ್ಲ ಓಣಿಯ ಅಜ್ಜಿಯರನ್ನೂ ಕೇಳಬೇಕು, ಗೌಡರ ಮನೆಯವರನ್ನಷ್ಟೇ ಅಲ್ಲ.