ಸಿಟ್ಟಿನ ಜೇನಿಗೆ ಎರಡನೇ ಜಾಗ
(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಜೇನಿನ ಬಗ್ಗೆ ಮಾತನಾಡಿ ಎಂದಾಗ, ಬಿಸಿನೀರು-ಲಿಂಬೆಹುಳಿ-ಜೇನುತುಪ್ಪದ ಗುಣ ಹೇಳುತ್ತೇನೆಂದು ನೀವು ಎಣಿಸಿರಬಹುದು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಹೊರಟದ್ದು ಕಚ್ಚುವ ಜೇನಿನ ವಿಷಯ.

ನನ್ನ ತವರು ಪುತ್ತೂರಿನ ಕಡೆ. ಅಪ್ಪನ ಅಡಿಕೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿದ್ದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣ ಕನ್ನಡ, ಕೊಡಗು, ಕೇರಳದಲ್ಲೆಲ್ಲ ಜೇನು ನಾಶವಾಯಿತಲ್ಲ, ಆಗ ನಮ್ಮ ಪೆಟ್ಟಿಗೆಗಳೂ ಖಾಲಿಯಾಗಿ ಅಟ್ಟ ಸೇರಿದವು. ಆ ಆಸೆ ನನ್ನಲ್ಲಿ ಉಳಿದಿತ್ತು. ಮಕ್ಕಳು ದೊಡ್ಡವರಾದ ಮೇಲೆ ಪುಣೆಯ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದು, ಬೊರಿವಲಿ ಪೂರ್ವದ ನಮ್ಮ ಕಟ್ಟಡದ ತಾರಸಿಯಲ್ಲಿ ಎರಡು ಪೆಟ್ಟಿಗೆ ಇಟ್ಟೆ. ಸೊಸೈಟಿಯವರು ಒಪ್ಪಿದ್ದರು.

ಮೊದಲ ವರ್ಷ ಎಲ್ಲ ಸರಿಯಿತ್ತು. ಎರಡನೇ ಮಳೆಗಾಲದಲ್ಲಿ ಒಂದು ಪೆಟ್ಟಿಗೆಯ ಸ್ವಭಾವವೇ ಬದಲಾಯಿತು. ಮುಚ್ಚಳ ಮುಟ್ಟುವ ಮೊದಲೇ ಮುಖಕ್ಕೆ ಬರುತ್ತಿದ್ದವು, ಮೆಟ್ಟಿಲವರೆಗೂ ಬೆನ್ನಟ್ಟುತ್ತಿದ್ದವು. ಒಂದು ಸಂಜೆ ಮೂರನೇ ಮಾಳಿಗೆಯ ಹುಡುಗ ಬಾಳೆಹಣ್ಣು ತಿನ್ನುತ್ತಾ ತಾರಸಿಗೆ ಬಂದ. ಜೇನು ಅಪಾಯದ ಸುದ್ದಿ ಹರಡಲು ಬಿಡುವ ವಾಸನೆಗೂ ಬಾಳೆಹಣ್ಣಿನ ವಾಸನೆಗೂ ಹೋಲಿಕೆಯಿದೆ. ಮಗುವಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಆರು ಕಡೆ ಕಚ್ಚಿದವು. ಒಂದು ಕಣ್ಣು ಪೂರ್ತಿ ಮುಚ್ಚಿಹೋಯಿತು. ಉಸಿರಾಟಕ್ಕೆ ತೊಂದರೆಯಾಗಲಿಲ್ಲ, ದೇವರು ದೊಡ್ಡವನು. ಅವನ ಅಜ್ಜಿ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸೊಸೈಟಿ ಎಂಟು ದಿನ ಗಡುವು ಕೊಟ್ಟಿತು.

ತಪ್ಪಿನಲ್ಲಿ ಅರ್ಧ ನನ್ನದೇ. ಮಳೆಯಲ್ಲಿ ಹೂವಿಲ್ಲ, ಹಸಿವು. ನಾನು ಸಕ್ಕರೆ ಪಾಕ ಇಡುವಾಗ ಚೆಲ್ಲಿದ್ದೆ. ಅದರ ವಾಸನೆಗೆ ಪಕ್ಕದ ಪೆಟ್ಟಿಗೆಯವು ಕಳ್ಳತನಕ್ಕೆ ಬಂದು ಕಾವಲು ನೊಣಗಳು ರೊಚ್ಚಿಗೆದ್ದವು. ಆದರೆ ಅದೇ ತಾರಸಿಯ ಇನ್ನೊಂದು ಪೆಟ್ಟಿಗೆ ಶಾಂತವಾಗಿತ್ತು. ಹಾಗಾದರೆ ಉಳಿದರ್ಧ ರಾಣಿಯ ವಂಶದ ಗುಣ. ರಾಣಿಯನ್ನು ಬದಲಿಸಬಹುದು, ಆದರೆ ಮರುದಿನವೇ ಫಲ ಸಿಗದು. ಹೊಸ ರಾಣಿ ಮೊಟ್ಟೆಯಿಟ್ಟು, ಹೊಸ ನೊಣ ಹುಟ್ಟಿ, ಹಳೆಯವು ತೀರಿಹೋಗುವಾಗ ಎರಡು-ಮೂರು ತಿಂಗಳು ದಾಟುತ್ತದೆ. ಅಷ್ಟು ದಿನ ಜನ ಓಡಾಡದ ಒಂದು ಜಾಗ ಬೇಕು. ಮೊದಲ ಪೆಟ್ಟಿಗೆ ಕೊಳ್ಳುವ ದಿನವೇ ಇದನ್ನು ನೋಡಿಟ್ಟುಕೊಳ್ಳಬೇಕಿತ್ತು. ನಾನು ನೋಡಿರಲಿಲ್ಲ.

ಎಲ್ಲರೂ ಕೊಟ್ಟ ಸಲಹೆ ಒಂದೇ: "ಪಕ್ಕದಲ್ಲೇ ನ್ಯಾಷನಲ್ ಪಾರ್ಕ್ ಇದೆಯಲ್ಲ, ಅಲ್ಲಿ ಬಿಟ್ಟುಬಿಡಿ!" ಸಂಜಯ್ ಗಾಂಧಿ ಉದ್ಯಾನ ನೂರು ಚದರ ಕಿಲೋಮೀಟರಿಗಿಂತ ದೊಡ್ಡದು ನಿಜ, ಆದರೆ ಅದು ರಕ್ಷಿತ ಅರಣ್ಯ, ನಮ್ಮ ಹಿತ್ತಿಲಲ್ಲ. ಇನ್ನು ಪಕ್ಕದ ಕಟ್ಟಡದ ತಾರಸಿಗೆ ಒಯ್ದರೆ, ಮೇಯಲು ಹೋದ ನೊಣಗಳು ದಾರಿ ನೆನಪಿಟ್ಟು ಹಳೆಯ ಜಾಗಕ್ಕೇ ಮರಳುತ್ತವೆ. ತುಡುವೆ ಸಾಮಾನ್ಯವಾಗಿ ಒಂದೆರಡು ಕಿಲೋಮೀಟರ್ ಒಳಗೆ ಮೇಯುವುದರಿಂದ ಮೂರು ಕಿಲೋಮೀಟರಿಗಿಂತ ಆಚೆ ಹೋಗಬೇಕು. ವಿರಾರಿನಲ್ಲಿ ನಮ್ಮ ನೆಂಟರ ಜಾಗವಿತ್ತು, ಮರ, ನೀರು ಎಲ್ಲ ಇತ್ತು. ಆದರೆ ಅಲ್ಲಿ ಎರಡು ದನ ಕಟ್ಟಿದ್ದರು. ಮನುಷ್ಯ ಓಡಿಯಾನು, ಹಗ್ಗದಲ್ಲಿರುವ ದನ ಏನು ಮಾಡೀತು? ಬೇಡವೆಂದೆ. ನೆಂಟರಿಗೆ ಬೇಸರವಾಯಿತು.

ಕೊನೆಗೆ ಸಿಕ್ಕಿದ್ದು ಖಾರಿಯಾಚೆಯ ಗೊರಾಯಿ. ಅಲ್ಲೊಬ್ಬ ಈಸ್ಟ್ ಇಂಡಿಯನ್ ಆಂಟಿಯ ವಾಡಿ. ತೆಂಗು, ನುಗ್ಗೆ, ಬಾವಿ, ಹಿಂದೆ ಕಾಂಡ್ಲಾ ಕಾಡು. ವಾಡಿಯ ಮೂಲೆಗೆ ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು, ಕಾಲುದಾರಿ ಇಲ್ಲ. ಏನನ್ನೂ ಮುಚ್ಚಿಡದೆ "ಇದು ಕಚ್ಚುವ ಜೇನು" ಎಂದೇ ಹೇಳಿದೆ. ಆಂಟಿ ಕೇಳಿದ್ದು ಒಂದೇ: "ನನ್ನ ಕೋಳಿಗಳು?" ಗೂಡು ಇನ್ನೊಂದು ತುದಿಯಲ್ಲಿತ್ತು. ಒಪ್ಪಂದವನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ದೋಣಿಯಲ್ಲಾದರೆ ಸ್ವಲ್ಪ ಹೊತ್ತಿನ ದಾರಿ. ಆದರೆ ಜನ ತುಂಬಿದ ದೋಣಿಯಲ್ಲಿ ಜೇನುಪೆಟ್ಟಿಗೆಯೇ? ಕತ್ತಲಾಗಿ ನೊಣಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ತಂತಿಬಲೆ ಬಡಿದು, ಗಾಳಿಯಾಡಲು ಮುಚ್ಚಳದ ಬದಲೂ ಬಲೆ ಹಾಕಿ, ಪಟ್ಟಿ ಬಿಗಿದು, ಟೆಂಪೋದಲ್ಲಿ ಭಾಯಂದರ್-ಉತ್ತನ್ ಸುತ್ತಿ ಹೋದೆವು. ಕುಲುಕಾಟಕ್ಕೆ ಎರಿಗಳು ಒಂದಕ್ಕೊಂದು ಬಡಿಯದಂತೆ ಚೌಕಟ್ಟುಗಳನ್ನು ಗಾಡಿ ಹೋಗುವ ದಿಕ್ಕಿಗೇ ಇಟ್ಟಿದ್ದೆ. ಡ್ರೈವರ್ ದಾರಿಯುದ್ದಕ್ಕೂ ಹನುಮಾನ್ ಚಾಲೀಸಾ ಹೇಳುತ್ತಿದ್ದ.

ಮಳೆ ನಿಂತ ಮೇಲೆ ಶಾಂತ ಪೆಟ್ಟಿಗೆಯಿಂದ ಬಲಿತ ರಾಣಿಕೋಶ ತಂದು ಕೂಡಿಸಿದೆ. ಜನವರಿಗೆ ಹೊಗೆ ಹೆಚ್ಚು ಹಾಕದೆ ಮುಚ್ಚಳ ತೆರೆಯುವಂತಾಯಿತು. ಆದರೂ ಆ ಪೆಟ್ಟಿಗೆಯನ್ನು ವಾಪಸು ತರಲಿಲ್ಲ. ಇನ್ನೊಂದನ್ನೂ ಅಲ್ಲಿಗೇ ಒಯ್ದೆ. ತಾರಸಿಯಲ್ಲೀಗ ಕೊಂಡಿಯಿಲ್ಲದ ಮುಜಂಟಿ ಜೇನಿನ ಸಣ್ಣ ಪೆಟ್ಟಿಗೆ ಮಾತ್ರ.

ಅಂದ ಹಾಗೆ, ನಿಮ್ಮ ಕಟ್ಟಡಗಳ ಛಜ್ಜಾದಲ್ಲಿ ಕಟ್ಟುವ ಹೆಜ್ಜೇನಿಗೆ ಇದಾವುದೂ ಅನ್ವಯಿಸದು. ಅದು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ವಲಸೆಯ ಜೇನು, ಕಾಲ ಮುಗಿದರೆ ತಾನೇ ಹೋಗುತ್ತದೆ. ಕಲ್ಲು, ಬೆಂಕಿ ಬೇಡ, ಕಿಟಕಿ ಮುಚ್ಚಿಡಿ. ತೀರಾ ಅಪಾಯವೆನಿಸಿದರೆ ಪಳಗಿದವರನ್ನು ಕರೆಯಿರಿ.

ಹುಡುಗನ ಅಜ್ಜಿ ಮೊನ್ನೆ ಮುಜಂಟಿ ನೋಡಲು ಮೇಲೆ ಬಂದಿದ್ದರು. ಹುಡುಗ ಮಾತ್ರ ಇನ್ನೂ ತಾರಸಿ ಹತ್ತುವುದಿಲ್ಲ.