ಲೆಕ್ಕದ ನಿಯಮ, ನಿರ್ವಾಹಕರ ವಿವೇಚನೆ

ಅಪರಿಚಿತರು ಇಂಟರ್ನೆಟ್ಟಿನಲ್ಲಿ ಕಲೆತು ಕೆಲಸ ಮಾಡುವ ಕಡೆಗಳಲ್ಲಿ ಬೇಗನೆ ಏಳುವ ಬೇಡಿಕೆಯೊಂದಿದೆ: ಎಲ್ಲವನ್ನೂ ಬರೆದಿಡಿ, ನಿರ್ವಾಹಕರ ಮರ್ಜಿಗೆ ಏನನ್ನೂ ಬಿಡಬೇಡಿ. ಬೇಡಿಕೆ ನ್ಯಾಯವಾದದ್ದೇ. ಅದನ್ನು ಒರೆಗೆ ಹಚ್ಚಲು ವಿಕಿಪೀಡಿಯ ಅನುಕೂಲ, ಏಕೆಂದರೆ ಅಲ್ಲಿಯ ಜಗಳಗಳೆಲ್ಲ ಬಹುಮಟ್ಟಿಗೆ ಯಾರು ಬೇಕಾದರೂ ಓದುವಂತೆ ಉಳಿದಿವೆ. 2001ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಶುರುವಾದಾಗ ಅದರ ಸ್ಥಾಪಕರಲ್ಲೊಬ್ಬರಾದ ಲ್ಯಾರಿ ಸ್ಯಾಂಗರ್ ಮುಂದಿಟ್ಟ ಮೊದಮೊದಲ ನಿಯಮಗಳಲ್ಲಿ ಒಂದು, ನಿಯಮಗಳು ಅಡ್ಡ ಬಂದರೆ ಅವನ್ನು ಬದಿಗಿಡಿ ಎನ್ನುವುದಾಗಿತ್ತು. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತ ಹಠಕ್ಕೆ ಬಿದ್ದ ಮೇಲೆ, 2004ರಲ್ಲಿ, ಅದೇ ಸಮುದಾಯ ಲೆಕ್ಕದ ನಿಯಮವೊಂದನ್ನು ತಂದಿತು. ಒಂದು ಪುಟದಲ್ಲಿ ಬೇರೆಯವರ ತಿದ್ದುಪಡಿಗಳನ್ನು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡುವಂತಿಲ್ಲ. ಯಾರ ಪಕ್ಷ ಸರಿ ಎಂದು ನಿರ್ವಾಹಕರು ತಲೆ ಕೆಡಿಸಿಕೊಳ್ಳಬೇಕಿಲ್ಲ, ಎಣಿಸಿದರೆ ಸಾಕು.

ಎಣಿಸಿದರೆ ಸಾಕಾಗಲಿಲ್ಲ. ಮೂರು ಸಲ ಅಳಿಸಿ, ದಿನ ಕಳೆಯುವವರೆಗೆ ಕಾದು, ಮತ್ತೆ ಅಳಿಸುವುದನ್ನು ತಡೆಯಲು, ಮೂರು ಎಂಬುದು ಯಾರ ಹಕ್ಕೂ ಅಲ್ಲ, ಅದಕ್ಕಿಂತ ಕಡಿಮೆಗೂ ಶಿಕ್ಷೆ ಆಗಬಹುದು ಎಂದು ಸೇರಿಸಬೇಕಾಯಿತು. ಇನ್ನೊಂದು ತುದಿಯಲ್ಲಿ, ಕಿಡಿಗೇಡಿಗಳು ಕೆಡಿಸಿದ್ದನ್ನು ಸರಿಪಡಿಸುವವರಿಗೆ ಈ ಮಿತಿಯೇ ಇಲ್ಲ. ಯಾವುದು ಕಿಡಿಗೇಡಿತನ, ಯಾವುದು ಪ್ರಾಮಾಣಿಕ ಭಿನ್ನಮತ ಎನ್ನುವುದನ್ನು ಯಾರು ಹೇಳಬೇಕು? ನಿರ್ವಾಹಕರೇ. ಇಷ್ಟು ಕರಾರುವಾಕ್ಕಾದ ನಿಯಮಕ್ಕೂ ಎರಡು ತುದಿಯಲ್ಲಿ ವಿವೇಚನೆಯ ಬಾಗಿಲು ತೆರೆಯಬೇಕಾಯಿತು, ಯಾಕೆಂದರೆ ಸಮುದಾಯಕ್ಕೆ ಹಾನಿ ಮಾಡುವುದು ಉದ್ದೇಶ, ಉದ್ದೇಶವನ್ನು ಎಣಿಸಲು ಬರುವುದಿಲ್ಲ.

ವಿವೇಚನೆ ಬೇಕೆಂಬ ಈ ಮಾತಿಗೆ ಗಟ್ಟಿಯಾದ ಆಕ್ಷೇಪ ಕ್ರೊಯೇಷಿಯನ್ ವಿಕಿಪೀಡಿಯದಿಂದ ಬರುತ್ತದೆ. ಅಲ್ಲಿ ಒಂದೇ ಸಿದ್ಧಾಂತದ ನಿರ್ವಾಹಕರ ಸಣ್ಣ ಗುಂಪು ಸುಮಾರು ಒಂದು ದಶಕ ಹಿಡಿತ ಸಾಧಿಸಿ, ಎರಡನೇ ಮಹಾಯುದ್ಧದ ಕಾಲದ ಉಸ್ತಾಶೆ ಆಡಳಿತದ ಅಪರಾಧಗಳನ್ನು ಲಘುವಾಗಿಸಿ ಬರೆಸಿತು, ಒಪ್ಪದವರನ್ನು ಹೊರಗಟ್ಟಿತು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಅದನ್ನು ನೆಚ್ಚಬೇಡಿ ಎಂದರು. 2021ರಲ್ಲಿ ವಿಕಿಮೀಡಿಯ ಫೌಂಡೇಶನ್ ಪ್ರಕಟಿಸಿದ ವರದಿ ಈ ಕಥೆಯನ್ನು ವಿವರವಾಗಿ ಬಿಡಿಸಿಟ್ಟಿತು. ವಿವೇಚನೆ ಕೊಟ್ಟರೆ ಹೀಗೇ ಆಗುತ್ತದೆ ಎನ್ನಬಹುದು. ಆದರೆ ತಟಸ್ಥ ದೃಷ್ಟಿಯಿಂದ ಬರೆಯಬೇಕೆಂಬ ನಿಯಮ ಅಲ್ಲೂ ಇತ್ತು. ಇಲ್ಲದಿದ್ದದ್ದು ನಿರ್ವಾಹಕರನ್ನು ಪ್ರಶ್ನಿಸಬಲ್ಲ, ಬದಲಿಸಬಲ್ಲ ಬೇರೆ ಜನ. ಆದ್ದರಿಂದ ಕಟ್ಟುನಿಟ್ಟಿನ ನಿಯಮ ಬೇಕಾದದ್ದು ತೀರ್ಪಿಗಿಂತ ತೀರ್ಪುಗಾರರಿಗೆ ಎಂದು ನನ್ನ ವಾದ: ಎಷ್ಟು ಕಾಲ ಆ ಜಾಗದಲ್ಲಿರಬಹುದು, ಕಾರಣ ಎಲ್ಲಿ ಬರೆಯಬೇಕು, ಮೇಲ್ಮನವಿಯನ್ನು ಯಾರು ಕೇಳಬೇಕು. ಶಿಕ್ಷೆ ಜೈಲಾದರೆ ಮಾತ್ರ ನಾನು ಆಚೆ ಪಕ್ಷಕ್ಕೆ ಹೋಗುತ್ತೇನೆ. ಆನ್‌ಲೈನ್ ಬರಹಕ್ಕೆ ಜೈಲಿಗೂ ಕಳಿಸಬಹುದಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿದ್ದು ಅದರ ಪದಗಳು ತೀರ ಅಸ್ಪಷ್ಟ ಎನ್ನುವುದರಿಂದಲೂ ಹೌದು, ಮತ್ತು ಅದು ಸರಿಯೇ. ಒಂದು ಪುಟದಿಂದ ಒಂದು ದಿನ ಹೊರಗಿರುವುದಕ್ಕೂ ಪೊಲೀಸ್ ಠಾಣೆಗೂ ಒಂದೇ ಅಳತೆ ಸಲ್ಲದು.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಇದು ದೂರದ ಮಾತಲ್ಲ. ಇಲ್ಲಿ ನಿರ್ವಾಹಕರು ಬೆರಳೆಣಿಕೆಯಷ್ಟು, ಮೇಲ್ಮನವಿ ಸುತ್ತಿ ಬಳಸಿ ಅವರಲ್ಲಿಗೇ ಬರುತ್ತದೆ. ಕ್ರೊಯೇಷಿಯನ್ ಪುಟಗಳನ್ನು, ಭಾಷೆ ಹತ್ತಿರದ್ದಾದ್ದರಿಂದ, ಸರ್ಬಿಯ, ಬೋಸ್ನಿಯದವರು ಓದಿ ಹೊರಗಿನಿಂದಲಾದರೂ ತಕರಾರು ತೆಗೆಯಬಲ್ಲವರಾಗಿದ್ದರು. ಕನ್ನಡಕ್ಕೆ ಅಂಥ ನೆರೆಯವರೆಂದರೆ ಮುಖ್ಯವಾಗಿ 2016ರಲ್ಲಿ ಬಂದ ತುಳು ವಿಕಿಪೀಡಿಯದವರು, ಅವರಲ್ಲಿ ಎರಡೂ ಕಡೆ ಬರೆಯುವವರೂ ಇದ್ದಾರೆ. ಹೀಗಿರುವಾಗ ಇಂಗ್ಲಿಷಿನ ನಿಯಮಾವಳಿಯನ್ನು ಪುಟಗಟ್ಟಲೆ ಕನ್ನಡಿಸುವುದಕ್ಕಿಂತ, ನಿರ್ವಾಹಕರ ಅವಧಿಯನ್ನು ಗೊತ್ತು ಮಾಡಿ, ತಡೆ ಹಾಕಿದವರೇ ಅದರ ಮೇಲ್ಮನವಿ ಕೇಳಕೂಡದೆಂಬ ಒಂದು ಸಾಲನ್ನು ಮೊದಲು ಬರೆದುಕೊಳ್ಳುವುದು ಹೆಚ್ಚು ಉಪಯೋಗದ ಕೆಲಸ.