ಬ್ಯಾಟರಿಯ ಮಾತು ಸಾಗಿಸುವ ಸಣ್ಣ ತಂತಿ



1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನಮ್ಮ ಕೊಳ್ಳೇಗಾಲದ ಮಗ್ಗುಲಿನಿಂದ ಹೊರಟು ಕೋಲಾರದ ಚಿನ್ನದ ಗಣಿಯನ್ನು ಸೇರಿತು. ಹನೂರಿನ ಮಲೆಗಳಲ್ಲಿ, ಯಳಂದೂರಿನ ಬಿಳಿಗಿರಿಯಲ್ಲಿ ಇರುವ ಎಷ್ಟೋ ಸೋಲಿಗರ ಪೋಡುಗಳಿಗೆ ಬೆಳಕು ಬರಲು ಅನಂತರದ ನೂರು ವರ್ಷವೂ ಸಾಲಲಿಲ್ಲ. ತಂತಿಕಂಬ ಹೋಗದೆಡೆ ಸೌರಫಲಕ ಮತ್ತು ಬ್ಯಾಟರಿಗಳೇ ಆಸರೆ.

ಸೀಸ-ಆಮ್ಲದ ಹಳೆಯ ಬ್ಯಾಟರಿಯಲ್ಲಿ ವೋಲ್ಟೇಜು ಅಳೆದರೆ ಎಷ್ಟು ಉಳಿದಿದೆಯೆಂದು ಸುಮಾರಾಗಿ ತಿಳಿಯುತ್ತಿತ್ತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಗಲ್ಲ. ಹದಿನಾರು ಕೋಶಗಳ, 51.2 ವೋಲ್ಟಿನ ಪೆಟ್ಟಿಗೆಯ ವೋಲ್ಟೇಜು ಬಹುಪಾಲು ಬರಿದಾಗುವವರೆಗೂ ಹೆಚ್ಚು ಬದಲಾಗದು. ಆದುದರಿಂದ ಒಳಗಿನ ನಿಯಂತ್ರಣ ಮಂಡಲವು ಕೋಶಗಳ ಸ್ಥಿತಿ, ಉಷ್ಣತೆಗಳನ್ನು ಗಮನಿಸಿ, ಎಷ್ಟು ತುಂಬಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಇನ್ವರ್ಟರಿಗೆ ತಿಳಿಸುತ್ತದೆ. ಈ ಸಂದೇಶದ ಹಾದಿಯೇ ಕ್ಯಾನ್ ಬಸ್. ಬಾಷ್ ಕಂಪನಿಯು ವಾಹನಗಳಿಗಾಗಿ ರೂಪಿಸಿ 1986ರಲ್ಲಿ ಪ್ರಕಟಿಸಿದ್ದು. ಕೆಲವೆಡೆ ಆರ್‌ಎಸ್-485 ಇರುತ್ತದೆ. ಈ ತಂತಿ ಕೆಟ್ಟರೆ ಕೆಲವು ಇನ್ವರ್ಟರುಗಳು ನಿಂತೇಬಿಡುತ್ತವೆ. ಬ್ಯಾಟರಿ ಚೆನ್ನಾಗಿದ್ದರೂ ಪೋಡಿನಲ್ಲಿ ಕತ್ತಲು.

ತಂತಿಯ ಆಯ್ಕೆಗೆ ಬರೋಣ. ಒಂದಕ್ಕೊಂದು ಹೆಣೆದುಕೊಂಡ ಜೋಡಿ ತಂತಿಯೇ ಬೇಕು. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಗ್ರಾಹಕವು ಅವುಗಳ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಅಳಿಯುತ್ತದೆ. ಚಪ್ಪಟೆಯಾದ ದೂರವಾಣಿ ತಂತಿ ಅಗ್ಗವೆಂದು ತರಬೇಡಿ. ಕಂಪ್ಯೂಟರ್ ಜಾಲದ ಕೇಬಲು ಸಾಕು.

ನಿಜವಾದ ತೊಡಕು ಕನೆಕ್ಟರಿನದು. ಆರ್‌ಜೆ-45 ಎಲ್ಲೆಡೆಯೂ ಒಂದೇ ಆಕಾರ, ಆದರೆ ಯಾವ ಕಾಲಿಗೆ ಯಾವ ಸಂಕೇತವೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಪ್ಲಗ್ಗು ಕೂತಿತೆಂದ ಮಾತ್ರಕ್ಕೆ ಸಂಬಂಧ ಕೂಡಿತೆಂದಲ್ಲ! ಎರಡೂ ಯಂತ್ರಗಳ ಕೈಪಿಡಿಗಳನ್ನು ಪಕ್ಕಪಕ್ಕ ಇಟ್ಟು ಓದಿ, ಹೊಂದದಿದ್ದರೆ ಬೇರೆ ಕೇಬಲು ಕಟ್ಟಿಸಿ, ಎರಡೂ ತುದಿಗೆ ಚೀಟಿ ಅಂಟಿಸಿ.

ಕ್ಯಾನ್ ಸಾಲಿನ ಎರಡು ಕೊನೆಗಳಲ್ಲಿ 120 ಓಮಿನ ಒಂದೊಂದು ರೋಧಕ ಇರಬೇಕು. ಎಲ್ಲ ಯಂತ್ರಗಳನ್ನೂ ಆರಿಸಿ, ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ: ಸುಮಾರು 60 ಬಂದರೆ ಸರಿ. 120 ಬಂದರೆ ಒಂದು ಇಲ್ಲ, 40 ಬಂದರೆ ಒಂದು ಹೆಚ್ಚಿದೆ. ವಿದ್ಯಾರ್ಥಿಗಳು ಸಮಾಂತರ ರೋಧಕಗಳ ಲೆಕ್ಕವನ್ನು ಇಲ್ಲಿಯೇ ಮಾಡಿ ನೋಡಬಹುದು. ಸಾಲು ಸರಪಣಿಯಂತಿರಲಿ, ಕೊಂಬೆಯಂತೆ ಕವಲೊಡೆಯದಿರಲಿ.

ಉದ್ದದ ಚಿಂತೆ ನಮಗಿಲ್ಲ; ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿಯೂ ಸುಮಾರು ನೂರು ಮೀಟರು ಸಾಗುತ್ತದೆ. ನಮ್ಮ ಶತ್ರುಗಳು ಇಲಿ, ಮಂಜಿನ ತೇವ, ಸಿಡಿಲು. ಕೇಬಲನ್ನು ಕೊಳವೆಯೊಳಗೆ ಹಾಯಿಸಿ. ದಪ್ಪ ವಿದ್ಯುತ್ ತಂತಿಗಳ ಜೊತೆ ಕಟ್ಟದೆ, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಿ. ಲೋಹದ ಕವಚವಿದ್ದರೆ ಒಂದೇ ತುದಿಯಲ್ಲಿ ಭೂಸಂಪರ್ಕ ಕೊಡಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ಎಳೆಯುವುದಂತೂ ಬೇಡ. ಪರೀಕ್ಷಿಸಿದ ಇನ್ನೊಂದು ಕೇಬಲು ಪೆಟ್ಟಿಗೆಯ ಬಳಿಯೇ ಇರಲಿ; ಅದೊಂದಕ್ಕಾಗಿ ಬೆಟ್ಟವಿಳಿದು ಕೊಳ್ಳೇಗಾಲಕ್ಕೆ ಹೋಗಿಬರುವುದು ತಪ್ಪುತ್ತದೆ.